ನಾವು ಬರೆದ ನಾಲ್ಕು ಸಾಲು

ಮಳವಳ್ಳಿ ತಾಲ್ಲೂಕಿನ ಒಂದು ಊರಿನ ತಂಬೂರಿ ಕಥೆಗಾರರು ತೀರಿಕೊಂಡ ದಿನ ನಾವು ಕಳಿಸಿದ ಸುದ್ದಿ ನಾಲ್ಕೇ ಸಾಲಿನದು. ಹೆಸರು, ವಯಸ್ಸು, 'ಹಿರಿಯ ಜಾನಪದ ಕಲಾವಿದ' ಎಂಬ ಎರಡು ಪದ, ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ ಹಾಗೂ ಅಪಾರ ಬಂಧುಬಳಗ, ಮಧ್ಯಾಹ್ನ ಅವರ ಜಮೀನಿನಲ್ಲಿ ಅಂತ್ಯಕ್ರಿಯೆ. ಅಷ್ಟೇ. ಎಲ್ಲಿಯೂ ತಪ್ಪಿರಲಿಲ್ಲ. ಹೆಸರಿನ ಕಾಗುಣಿತವೂ ಸರಿಯಾಗಿತ್ತು.

ಹಾಲು ತುಪ್ಪದ ದಿನ ನಾವು ಅವರ ಮನೆಗೆ ಹೋದೆವು. ಪಿಯುಸಿ ಓದುವ ಮೊಮ್ಮಗ ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಇಟ್ಟಿದ್ದ. ಬೈಯಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. "ಅಣ್ಣ, ನಮ್ ತಾತ ಏನ್ ಹಾಡ್ತಿದ್ರು ಅಂತನೇ ಹಾಕಿಲ್ವಲ್ಲ" ಅಂದ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ಅವರು ಏನು ಹಾಡುತ್ತಿದ್ದರು ಎಂದು ನಮಗೂ ಸರಿಯಾಗಿ ಗೊತ್ತಿರಲಿಲ್ಲ.

ಗೊತ್ತು ಮಾಡಿಕೊಳ್ಳಲು ಅವಕಾಶ ಇರಲಿಲ್ಲ ಎಂದೇನಲ್ಲ. ಅವರು ಬದುಕಿದ್ದಾಗ ನಮ್ಮಲ್ಲೊಬ್ಬ ಎರಡು ಸಲ ಅವರನ್ನು ಮಾತಾಡಿಸಿದ್ದ. ಜಾತ್ರೆಯ ಹೊತ್ತಿಗೆ ಒಂದು ಲೇಖನ ಮಾಡೋಣ, ಕಥೆಯ ಸಾರಾಂಶ ಹೇಳಿ, ಬರೆದುಕೊಳ್ಳುತ್ತೇನೆ ಅಂದಿದ್ದ. ಅದಕ್ಕೆ ಅವರು ನಕ್ಕು, "ಕತೆ ಬರ್ಕೊಂಡ್ರೆ ಆಯ್ತದಾ ಕನಪ್ಪ? ಒಂದ್ ರಾತ್ರಿ ಬಂದು ಕೂತ್ಕ. ಕೋಳಿ ಕೂಗಗಂಟ ಕೂತ್ಕ" ಅಂದಿದ್ದರು. ಆ ಒಂದು ರಾತ್ರಿ ನಮಗೆ ಸಿಗಲೇ ಇಲ್ಲ. ಚುನಾವಣೆ ಬಂತು, ಕಾವೇರಿ ನೀರಿನ ಗಲಾಟೆ ಬಂತು, ಕಬ್ಬಿನ ಬಾಕಿಯ ಹೋರಾಟ ಬಂತು. ಜಾತ್ರೆಯೂ ಬಂದು ಹೋಯಿತು.

ಈ ಬರಹ ಅವರೊಬ್ಬರ ಬಗ್ಗೆ ಮಾತ್ರ ಅಲ್ಲ. ಆ ಮನೆಯಿಂದ ವಾಪಸ್ ಬರುವಾಗ ನಮಗೆ ನೆನಪಾದವರು ಎಚ್.ಎಲ್. ನಾಗೇಗೌಡರು. 2005ರ ಸೆಪ್ಟೆಂಬರ್ 22ರಂದು, ತೊಂಬತ್ತು ತುಂಬಿದ ವಯಸ್ಸಿನಲ್ಲಿ ತೀರಿಕೊಂಡವರು. ನಮ್ಮ ಜಿಲ್ಲೆಯವರೇ. ಅವರ ಬಗ್ಗೆ ನಾವು ಕಾಲೇಜಿನಲ್ಲಿ ಓದಿದ್ದೆವು, ಪರೀಕ್ಷೆಯಲ್ಲಿ ಟಿಪ್ಪಣಿ ಬರೆದಿದ್ದೆವು. ಅವರು ಮಾಡಿದ್ದು ಏನು ಎಂಬುದು ಅರ್ಥವಾಗಿದ್ದು ಮಾತ್ರ ಆ ಪ್ಲಾಸ್ಟಿಕ್ ಕವರು ನೋಡಿದ ಮೇಲೆ.

ನಾಗೇಗೌಡರು ಹುಟ್ಟಿದ್ದು 1915ರ ಫೆಬ್ರುವರಿ 11ರಂದು, ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ. ಆಗ ಮಂಡ್ಯ ಎಂಬ ಜಿಲ್ಲೆಯೇ ಇರಲಿಲ್ಲ. ಮೈಸೂರು ಜಿಲ್ಲೆಯಿಂದ ಮಂಡ್ಯ ಬೇರೆಯಾಗಿದ್ದು 1939ರಲ್ಲಿ. ಓದಿ, ಸರ್ಕಾರಿ ನೌಕರಿಗೆ ಸೇರಿ, ಐಎಎಸ್ ಅಧಿಕಾರಿಯಾದರು. ಅಧಿಕಾರಿಗಳು ಹಳ್ಳಿಗೆ ಹೋದರೆ ಏನು ಮಾಡುತ್ತಾರೆ ಎಂಬುದನ್ನು ನಾವು ದಿನಾ ನೋಡುತ್ತೇವೆ. ಶಾಮಿಯಾನ, ಹಾರ, ಅಹವಾಲು, ಜೀಪು. ನಾಗೇಗೌಡರು ಅದೇ ಹಳ್ಳಿಗಳಲ್ಲಿ ಹಾಡುವವರನ್ನು ಹುಡುಕಿದರು. ಟೇಪ್ ರೆಕಾರ್ಡರ್ ಇಟ್ಟುಕೊಂಡು ಅವರ ಮುಂದೆ ಕೂತರು.

ಅವರು ಹೊರತಂದ ಸಂಗ್ರಹಗಳಲ್ಲಿ ಒಂದರ ಹೆಸರು 'ಸೋಬಾನೆ ಚಿಕ್ಕಮ್ಮನ ಪದಗಳು'. ಈ ಹೆಸರನ್ನು ಇನ್ನೊಮ್ಮೆ ಓದಿ ನೋಡಿ. ಜನಪದ ಗೀತೆ ಅಂದ ಕೂಡಲೇ ನಾವೆಲ್ಲ ಬರೆಯುವುದು 'ಕರ್ತೃ ಅಜ್ಞಾತ' ಎಂದೇ. ಅದು ನಿಜವೂ ಹೌದು. ಪದ ಕಟ್ಟಿದವರು ಯಾರೋ, ಎಷ್ಟು ತಲೆಮಾರು ಹಿಂದಿನವರೋ. ಆದರೆ ಪದ ಹೇಳಿದವರು ಅಜ್ಞಾತರಲ್ಲ. ಅವರಿಗೆ ಒಂದು ಹೆಸರಿದೆ, ಊರಿದೆ, ಕಲಿಸಿದವರಿದ್ದಾರೆ. ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಹೆಣ್ಣುಮಗಳೊಬ್ಬಳ ಹೆಸರನ್ನು ಪುಸ್ತಕದ ಒಳಗೆ ಎಲ್ಲೋ ಅಡಿಟಿಪ್ಪಣಿಯಲ್ಲಿ ಹಾಕದೆ ರಕ್ಷಾಪುಟದ ಮೇಲೇ ಹಾಕಿದ್ದು ಸಣ್ಣ ಕೆಲಸವಲ್ಲ. ಪುಸ್ತಕ ತೆಗೆದವರು ಮೊದಲು ಓದುವುದೇ ಚಿಕ್ಕಮ್ಮನ ಹೆಸರನ್ನು.

ನಾಗಮಂಗಲ ತಾಲ್ಲೂಕಿನ ಮಣ್ಣಿನಲ್ಲೇ ಏನೋ ಇದ್ದಿರಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದವನ್ನು ಓದುವ, ಕಲಿಸುವ ವಿಷಯವಾಗಿ ಬೆಳೆಸಿದವರಲ್ಲಿ ಒಬ್ಬರಾದ ಜೀ.ಶಂ. ಪರಮಶಿವಯ್ಯನವರೂ ಅದೇ ತಾಲ್ಲೂಕಿನವರು. ಒಬ್ಬರು ವಿಶ್ವವಿದ್ಯಾಲಯದ ಒಳಗಿಂದ, ಇನ್ನೊಬ್ಬರು ಸರ್ಕಾರಿ ಕಚೇರಿಯಿಂದ. ಇಬ್ಬರೂ ಹೋಗಿ ಕೂತದ್ದು ಮಾತ್ರ ಅದೇ ಜಗಲಿಗಳ ಮೇಲೆ.

1979ರಲ್ಲಿ ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. 1994ರಲ್ಲಿ ರಾಮನಗರದ ಹತ್ತಿರ, ಬೆಂಗಳೂರು–ಮೈಸೂರು ರಸ್ತೆಯ ಪಕ್ಕ, 15 ಎಕರೆಯಲ್ಲಿ ಜಾನಪದ ಲೋಕ ಶುರುವಾಯಿತು. ಮರುವರ್ಷ, 1995ರಲ್ಲಿ, ಮುಧೋಳದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮಂಡ್ಯ, ಮದ್ದೂರು ಕಡೆಯ ನಮ್ಮಂಥ ಮಕ್ಕಳಿಗೆ ಜಾನಪದ ಲೋಕ ಅಂದರೆ ಶಾಲೆಯ ಒಂದು ದಿನದ ಪ್ರವಾಸ. ಪುಳಿಯೋಗರೆ ಬುತ್ತಿ, ಸಾಲಾಗಿ ನಿಲ್ಲಿಸುವ ಮೇಷ್ಟ್ರು, ಒಳಗೆ ಒನಕೆ, ಬೀಸುವ ಕಲ್ಲು, ಕಣಜ, ಗೊಂಬೆಗಳು, ವಾದ್ಯಗಳು. "ಇದು ನಮ್ಮನೇಲೂ ಅದೆ" ಎಂದು ಕೂಗಿಕೊಂಡು ಓಡಾಡಿದ್ದು ನೆನಪಿದೆ. ನಮ್ಮನೆಯಲ್ಲಿ ಇರುವುದನ್ನು ನೋಡಲು ಇಷ್ಟು ದೂರ ಯಾಕೆ ಬಂದೆವು ಎಂದು ಆಗ ಅನ್ನಿಸಿತ್ತು. ಈಗ ಅವು ನಮ್ಮನೆಯಲ್ಲಿ ಇಲ್ಲ.

ತಂಬೂರಿಯ ವಿಷಯಕ್ಕೆ ಬರೋಣ, ಯಾಕೆಂದರೆ ನಾವು ತಪ್ಪಿದ್ದು ಅಲ್ಲಿ. ನಮ್ಮ ಕಡೆ ತಂಬೂರಿಯವರು ಅಂದರೆ ನೀಲಗಾರರು, ಮಂಟೇಸ್ವಾಮಿ ಒಕ್ಕಲು. ದೀಕ್ಷೆ ಪಡೆದು ಹಾಡುವವರು. ಮಂಟೇಸ್ವಾಮಿಯ ಮಠ ಇರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನದು. ಬೋರ್ಡಿನ ಮೇಲೆ, ಬಸ್ಸಿನ ಮೇಲೆ ಬಿ.ಜಿ. ಪುರ. ಮುಖ್ಯ ಹಾಡುಗಾರರ ಹೆಗಲಿಗೆ ಒರಗಿದ ತಂಬೂರಿ, ಕೈಯಲ್ಲಿ ಗಗ್ಗರ, ಜತೆಗೆ ತಾಳ, ಡಕ್ಕೆ, ಹಿಂದೆ ಸೊಲ್ಲು ಹಿಡಿಯುವವರು. ಒಂದು ಕಥೆ ಮುಗಿಯಲು ಒಂದು ರಾತ್ರಿ ಸಾಲದು.

ಆ ಕಥೆಗಳಲ್ಲಿ ಬರುವ ಊರುಗಳು ನಮ್ಮ ವರದಿಯಲ್ಲಿ ದಿನಾ ಬರುವ ಊರುಗಳೇ. ಸಿದ್ಧಪ್ಪಾಜಿಯನ್ನು ಗುರು ಕಬ್ಬಿಣದ ಭಿಕ್ಷೆ ತರಲು ಕಳಿಸುವುದು ಹಲಗೂರಿಗೆ, ಅಲ್ಲಿನ ಪಾಂಚಾಳರ ಹತ್ತಿರಕ್ಕೆ. ಅವರು ಸುಲಭಕ್ಕೆ ಕೊಡುವುದಿಲ್ಲ. ಸಿದ್ಧಪ್ಪಾಜಿಯನ್ನು ನಾನಾ ಪರೀಕ್ಷೆಗೆ ಒಡ್ಡುತ್ತಾರೆ, ಪವಾಡದ ಮೇಲೆ ಪವಾಡ ನಡೆಯುತ್ತದೆ. ಹಲಗೂರು ಈಗ ಮಳವಳ್ಳಿ ತಾಲ್ಲೂಕಿನ ಒಂದು ಹೋಬಳಿ. ನಾವು ಅಲ್ಲಿಂದ ಆನೆ ದಾಳಿಯ ಸುದ್ದಿ ಕಳಿಸಿದ್ದೇವೆ, ಕುಡಿಯುವ ನೀರಿನ ಸುದ್ದಿ ಕಳಿಸಿದ್ದೇವೆ. ಆ ಊರಿನ ಹೆಸರು ನೂರಾರು ವರ್ಷದಿಂದ ಒಂದು ಮಹಾಕಾವ್ಯದಲ್ಲಿ ಇದೆ ಎಂಬುದು ನಮ್ಮ ಒಂದು ವರದಿಯಲ್ಲೂ ಇಲ್ಲ. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆ ನಡೆದಾಗ ನಾವು ಬರೆಯುವುದು ಎಷ್ಟು ಬಸ್ಸು, ಎಷ್ಟು ಪೊಲೀಸರು, ಬಲಿ ನಿಷೇಧ ಏನಾಯಿತು ಎಂದು. ಅಲ್ಲಿ ರಾತ್ರಿಯಿಡೀ ತಂಬೂರಿ ಹಿಡಿದು ಕೂತವರ ಹತ್ತಿರ ಹೋಗಿ ಕೂತದ್ದಿಲ್ಲ.

ನಮ್ಮದೇ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇವೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಗೊ.ರು. ಚನ್ನಬಸಪ್ಪನವರು, ಬದುಕಿನ ಬಹುಪಾಲು ಜಾನಪದಕ್ಕೆ ದುಡಿದವರು. ಜಾನಪದದವರೊಬ್ಬರು ನಾಗೇಗೌಡರ ಜಿಲ್ಲೆಗೇ ಬಂದು ಅಧ್ಯಕ್ಷರಾಗಿ ಕೂತಿದ್ದಾರೆ, ಬರೆಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ನಾವು ಬರೆದದ್ದು ಬಾಡೂಟದ ಬಗ್ಗೆ. ಬಾಡೂಟದ ಪ್ರಶ್ನೆ ಸಣ್ಣದು ಎನ್ನುತ್ತಿಲ್ಲ. ಯಾರ ಊಟಕ್ಕೆ ಮರ್ಯಾದೆ ಎಂಬ ಪ್ರಶ್ನೆ ಅದು. ಆದರೆ ಯಾರ ಹಾಡಿಗೆ ಮರ್ಯಾದೆ ಎಂಬ ಪ್ರಶ್ನೆ ಮೆರವಣಿಗೆಯಲ್ಲಿ ನಮ್ಮ ಮುಂದೆಯೇ ಬಿಸಿಲಲ್ಲಿ ನಡೆದು ಹೋಯಿತು. ಅದಕ್ಕೆ ನಾವು ಕೊಟ್ಟದ್ದು ಒಂದು ಫೋಟೊ, ಅಡಿಯಲ್ಲಿ 'ಗಮನ ಸೆಳೆದ ಕಲಾತಂಡಗಳು' ಎಂಬ ಸಾಲು. ತಂಡ ಯಾವುದು, ಮುಂದಾಳು ಯಾರು, ಯಾವ ಊರು, ಒಂದೂ ಇಲ್ಲ.

ಇದು ನಮ್ಮ ಜಿಲ್ಲೆಗೆ ಮಾತ್ರ ಅಂಟಿದ ರೋಗವಲ್ಲ. ನಮ್ಮಲ್ಲೊಬ್ಬನಿಗೆ ಗಿಟಾರಿನ ಹುಚ್ಚು. ತಂಬೂರಿಯವರ ಮನೆಯಿಂದ ಬಂದ ರಾತ್ರಿ ಅವನು ಬರ್ಟ್ ಜಾನ್ಶ್ ಎಂಬ ಬ್ರಿಟನ್ನಿನ ಜನಪದ ಗಿಟಾರ್ ವಾದಕರ ಕಥೆ ಹೇಳಿದ. 1943ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದವರು. ಹಳೆಯ ಹಾಡುಗಳನ್ನು ಹಾಡುವವರ ಬಾಯಿಂದ ಕಲಿತು ಒಂದೇ ಗಿಟಾರಿಗೆ ತಂದು ಕೂರಿಸಿದವರು. ಅವರಿಂದ ಕಲಿಯದ ಗಿಟಾರಿನವರು ಅಲ್ಲಿ ಕಡಿಮೆಯಂತೆ. ಅವರು ತೀರಿಕೊಂಡದ್ದು 2011ರ ಅಕ್ಟೋಬರ್ 5ರಂದು. ಅದೇ ದಿನ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಕೂಡ ತೀರಿಕೊಂಡರು. ಮರುದಿನ ಜಗತ್ತಿನ ಪತ್ರಿಕೆಗಳ ಮುಖಪುಟ ಯಾರದಾಗಿತ್ತು ಎಂದು ಹೇಳಬೇಕಾಗಿಲ್ಲ.

ಆ ಕಥೆಯಲ್ಲಿ ನಮ್ಮನ್ನು ಹಿಡಿದದ್ದು ಇನ್ನೊಂದು ವಿಷಯ. 'ಬ್ಲ್ಯಾಕ್‌ವಾಟರ್‌ಸೈಡ್' ಎಂಬ ಹಳೆಯ ಹಾಡೊಂದನ್ನು ಜಾನ್ಶ್ ಕಲಿತದ್ದು ಆ್ಯನ್ ಬ್ರಿಗ್ಸ್ ಎಂಬ ಗಾಯಕಿಯಿಂದ. ಅದಕ್ಕೂ ಮೊದಲು ಅದು ಐರ್ಲೆಂಡಿನ ಅಲೆಮಾರಿ ಜನರ ಬಾಯಲ್ಲಿ ಇದ್ದ ಹಾಡು. ಜಾನ್ಶ್ ಅದಕ್ಕೆ ಗಿಟಾರಿನ ನಡೆ ಕಟ್ಟಿ 1966ರಲ್ಲಿ ರೆಕಾರ್ಡ್ ಮಾಡಿದರು. 1969ರಲ್ಲಿ ಲೆಡ್ ಝೆಪೆಲಿನ್ ಎಂಬ ರಾಕ್ ತಂಡದ ಮೊದಲ ಆಲ್ಬಮ್ ಬಂತು. ಅದರಲ್ಲಿ ಬೇರೆ ಹೆಸರಿನಲ್ಲಿ, ಹಾಡಿನ ಮಾತಿಲ್ಲದೆ, ಬಹುಮಟ್ಟಿಗೆ ಅದೇ ನಡೆ ಇತ್ತು. ಜತೆಗೆ ನಮ್ಮ ತಬಲಾ ಸೇರಿತ್ತು. ಕೆಳಗೆ ರಚನೆ ಎಂದು ಇದ್ದದ್ದು ಆ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಹೆಸರು. ಜಾನ್ಶ್ ಹೆಸರಿಲ್ಲ, ಬ್ರಿಗ್ಸ್ ಹೆಸರಿಲ್ಲ. ಅಲೆಮಾರಿಗಳ ಮಾತಂತೂ ದೂರವೇ ಉಳಿಯಿತು.

ಹಾಡು ಕೈಯಿಂದ ಕೈಗೆ ಹೋಗುವುದು ತಪ್ಪಲ್ಲ. ಹೋಗದಿದ್ದರೆ ಅದು ಜನಪದವೇ ಅಲ್ಲ. ನಮ್ಮ ತಂಬೂರಿಯವರೂ ಗುರುವಿನಿಂದ ಕಲಿತದ್ದನ್ನು ತಮ್ಮ ಧಾಟಿಗೆ ಬದಲಿಸಿಕೊಂಡವರೇ. ಆದರೆ ಅವರು ಕಥೆ ಶುರುಮಾಡುವ ಮೊದಲು ಗುರುವನ್ನು ನೆನೆಯುತ್ತಾರೆ. ದೇವರ ಜತೆಗೆ ಕಲಿಸಿದವರ ಹೆಸರೂ ಬರುತ್ತದೆ. ಅದು ಬರಿಯ ಭಕ್ತಿಯಲ್ಲ, ಲೆಕ್ಕ ಒಪ್ಪಿಸುವ ರೀತಿಯೂ ಹೌದು. ಕೊಂಡಿ ಕಳಚುವುದು ಹಾಡಿನಲ್ಲಲ್ಲ, ಹಾಡನ್ನು ಹೊತ್ತು ಮುಂದೆ ಹೋಗುವ ನಮ್ಮಂಥವರಲ್ಲಿ. ಕ್ಯಾಸೆಟ್ಟಿನಲ್ಲಿ, ಯೂಟ್ಯೂಬಿನಲ್ಲಿ, ಪತ್ರಿಕೆಯಲ್ಲಿ.

ಕೊಂಡಿ ಕಳಚಿದರೆ ಆಗುವ ನಷ್ಟ ಬರಿಯ ಮರ್ಯಾದೆಯದೂ ಅಲ್ಲ. ವಯಸ್ಸಾದ ಕಲಾವಿದರಿಗೆ ಸರ್ಕಾರದ ಮಾಸಾಶನ ಇದೆ. ಅದಕ್ಕೆ ಅರ್ಜಿ ಹಾಕಬೇಕಾದರೆ ತಾನು ಕಲಾವಿದ ಎಂದು ಕಾಗದದಲ್ಲಿ ತೋರಿಸಬೇಕು. ನಲವತ್ತು ವರ್ಷ ತಿಥಿ ಮನೆಗಳಲ್ಲಿ, ಹಬ್ಬಗಳಲ್ಲಿ, ಜಾತ್ರೆಯ ಬಯಲಲ್ಲಿ ಹಾಡಿದವರಿಗೆ ಪ್ರಮಾಣಪತ್ರ ಕೊಟ್ಟವರು ಯಾರು? ಪತ್ರಿಕೆಯ ಒಂದು ತುಣುಕು ಅವರಿಗೆ ಆಧಾರ. ನಮ್ಮ ಕಥೆಗಾರರು ಎರಡನೇ ಸಲ ಸಿಕ್ಕಾಗ, "ನನ್ ಬಗ್ಗೆನೂ ಒಂದ್ ಚೂರು ಹಾಕ್ರಪ್ಪ, ಅರ್ಜಿ ಜತೆ ಇಡಾಕೆ ಆಯ್ತದೆ" ಎಂದು ಕೇಳಿದ್ದರು. ನಾವು ಹಾಕಿದ್ದು ಅವರು ತೀರಿಕೊಂಡ ಮೇಲೆ. ಮೊಮ್ಮಗ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟದ್ದು ಅದನ್ನೇ.

ನಮ್ಮೊಳಗೇ ಈ ಬಗ್ಗೆ ಜಗಳವೂ ಆಯಿತು. ದಿನಕ್ಕೆ ಹತ್ತು ಸುದ್ದಿ ಕಳಿಸಬೇಕಾದ ತಾಲ್ಲೂಕು ವರದಿಗಾರ ರಾತ್ರಿಯಿಡೀ ಕಥೆ ಕೇಳುತ್ತ ಕೂತರೆ ಬೆಳಗಿನ ಸುದ್ದಿ ಯಾರು ಕೊಡುತ್ತಾರೆ ಎಂದು ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಜಾಗ ಇಲ್ಲ ಎಂಬುದು ಇನ್ನೊಬ್ಬಳ ವಾದ. ಅದನ್ನು ಮಾತ್ರ ನಾವು ಒಪ್ಪಲಿಲ್ಲ. ಊರ ಮುಖಂಡರು ತೀರಿಕೊಂಡರೆ ಫೋಟೊ ಸಮೇತ ಎರಡು ಕಾಲಂ ಜಾಗ ಸಿಗುತ್ತದೆ. ಯಾವ ಬೀದಿಯವರ ಸಾವಿಗೆ ಎಷ್ಟು ಜಾಗ ಎಂಬುದನ್ನು ಪತ್ರಿಕೆ ಮಾತ್ರ ನಿರ್ಧರಿಸುವುದಿಲ್ಲ. ಬರೆದು ಕಳಿಸುವ ನಾವೂ ನಿರ್ಧರಿಸುತ್ತೇವೆ. ನೀಲಗಾರರಲ್ಲಿ ಹಲವು ಜಾತಿಯವರಿದ್ದಾರೆ, ದಲಿತರು ಹೆಚ್ಚು. ಅವರ ಸಾವಿಗೆ ನಾಲ್ಕು ಸಾಲು ಸಾಕು ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳದೆಯೇ ನಾಲ್ಕು ಸಾಲು ಬರೆದಿದ್ದೆವು.

ಆಮೇಲೆ ಮದ್ದೂರಿನವಳು ತನ್ನ ಅಜ್ಜಿಯ ಮಾತು ತೆಗೆದಳು. ಅಜ್ಜಿ ನಾಟಿ ಹಾಕುವಾಗ, ರಾಗಿ ಬೀಸುವಾಗ, ಮದುವೆಯಲ್ಲಿ ಪದ ಹೇಳುತ್ತಿದ್ದವರು. ಇವಳ ಮೊಬೈಲಿನಲ್ಲಿ ಉಳಿದಿರುವುದು ಒಂದು ನಿಮಿಷ ನಲವತ್ತು ಸೆಕೆಂಡು. ಅದರಲ್ಲೂ ಅರ್ಧ, "ಸಾಕು ಬುಡವ್ವ, ಗಂಟ್ಲು ಕಟ್ಕಂಡದೆ" ಎಂಬ ಮಾತು. ಗ್ರಾಮೀಣ ಪತ್ರಿಕೋದ್ಯಮದ ಪದವಿ ಪಡೆದವಳ ಮನೆಯಲ್ಲೇ ಈ ಕಥೆ. ಜಗಳ ಅಲ್ಲಿಗೆ ನಿಂತಿತು.

ನಾಗೇಗೌಡರನ್ನು ದೊಡ್ಡವರು ಎಂದು ಹೊಗಳಿ ಕೈ ಮುಗಿಯುವುದು ಸುಲಭ. ಅವರ ಹತ್ತಿರ ಅಧಿಕಾರ ಇತ್ತು, ಓಡಾಟಕ್ಕೆ ದಾರಿ ಇತ್ತು, ನಮ್ಮ ಹತ್ತಿರ ಏನಿದೆ ಎಂದೂ ಕೇಳಬಹುದು. ನಮ್ಮ ಜೇಬಿನಲ್ಲಿರುವ ಮೊಬೈಲು ಅವರ ಕಾಲದ ಟೇಪ್ ರೆಕಾರ್ಡರಿಗಿಂತ ಚೆನ್ನಾಗಿ ಧ್ವನಿ ಹಿಡಿಯುತ್ತದೆ. ಹಾಗಾಗಿ ಸಲಕರಣೆಯ ನೆಪ ಹೇಳಲು ಬರುವುದಿಲ್ಲ. ಜಾನಪದ ಲೋಕದಲ್ಲಿ ಎಲ್ಲವೂ ಉಳಿದಿದೆ ಎಂದು ನೆಮ್ಮದಿಯಾಗಿರಲೂ ಆಗದು. ಗೋಡೆಗೆ ಒರಗಿಸಿದ ವಾದ್ಯ ನುಡಿಯುವುದಿಲ್ಲ. ನುಡಿಸುವವರು ಹೊರಗೆ, ಊರುಗಳಲ್ಲಿ ಇರಬೇಕು. ಹೊಸ ಹೆದ್ದಾರಿ ಚನ್ನಪಟ್ಟಣ, ರಾಮನಗರವನ್ನು ಬಿಟ್ಟು ಬೈಪಾಸಿನಲ್ಲಿ ಹೋಗುತ್ತದೆ. ಮಂಡ್ಯದಿಂದ ಹೊರಟವರು ಜಾನಪದ ಲೋಕ ನೋಡಬೇಕೆಂದರೆ ಈಗ ಬೇಕೆಂತಲೇ ಹಳೆ ರಸ್ತೆಗೆ ಇಳಿಯಬೇಕು. ಕಳೆದ ವಾರ ನಾವು ಇಳಿದೆವು. ಶಾಲೆಯ ಮಕ್ಕಳ ಒಂದು ಬಸ್ಸು ನಿಂತಿತ್ತು. ಒಬ್ಬ ಹುಡುಗ ಒನಕೆ ನೋಡಿ "ಇದೇನು ಮಿಸ್?" ಎಂದು ಕೇಳುತ್ತಿದ್ದ.

ನಮ್ಮ ನಾಲ್ವರ ನಡುವೆ ಒಂದು ಒಪ್ಪಂದ ಆಗಿದೆ. ಇನ್ನು ಮುಂದೆ ಕಲಾವಿದರ ಸಾವಿನ ಸುದ್ದಿ ಬರೆಯುವಾಗ ಐದು ವಿಷಯ ಕೇಳದೆ ಕಳಿಸುವುದಿಲ್ಲ: ಯಾವ ಪದ ಅಥವಾ ಕಥೆ ಹಾಡುತ್ತಿದ್ದರು, ಯಾರಿಂದ ಕಲಿತರು, ಯಾವ ವಾದ್ಯ, ಜತೆಗೆ ಸೊಲ್ಲು ಹಿಡಿಯುತ್ತಿದ್ದವರು ಯಾರು, ಈಗ ಅದನ್ನು ಹಾಡಬಲ್ಲವರು ಯಾರಾದರೂ ಇದ್ದಾರಾ. ಇಷ್ಟಕ್ಕೆ ಎಂಟು ಸಾಲು ಸಾಕು. ಅದಕ್ಕಿಂತ ಮುಖ್ಯವಾಗಿ, ತಿಂಗಳಿಗೆ ಒಬ್ಬರ ಮುಂದೆ, ಅವರು ಬದುಕಿರುವಾಗಲೇ, ಒಂದು ರಾತ್ರಿ ಕೂರುವುದು.

ಮೊದಲ ರಾತ್ರಿ ಆಗಿದೆ. ತೀರಿಕೊಂಡ ಕಥೆಗಾರರ ಹಿಂದೆ ಮೂವತ್ತು ವರ್ಷ ಸೊಲ್ಲು ಹಿಡಿದವರೊಬ್ಬರು ಪಕ್ಕದ ಊರಿನಲ್ಲಿದ್ದಾರೆ. ಮೊಮ್ಮಗನನ್ನೂ ಕರೆದುಕೊಂಡು ಅವರ ಮನೆಗೆ ಹೋದೆವು. ತಾತನ ತಂಬೂರಿಯನ್ನು ಅವನೇ ಟವೆಲಿನಲ್ಲಿ ಸುತ್ತಿ ತಂದಿದ್ದ. ತಂತಿ ಬಿಗಿ ಮಾಡಲು ಹಿರಿಯರಿಗೆ ಬಹಳ ಹೊತ್ತು ಹಿಡಿಯಿತು. ಹಲಗೂರಿನ ಕಥೆ ಶುರುಮಾಡುವ ಮೊದಲು ಗುರುವಿನ ಹೆಸರು ಹೇಳಿದರು, ಆಮೇಲೆ ತೀರಿಕೊಂಡ ಗೆಳೆಯನ ಹೆಸರು ಹೇಳಿದರು. ನಮ್ಮ ರೆಕಾರ್ಡಿಂಗಿನಲ್ಲಿ ಅದು ಇದೆ. ನಡುರಾತ್ರಿ ಒಂದು ಕಡೆ ಅವರಿಗೆ ಮುಂದಿನ ಸಾಲು ಮರೆಯಿತು. ಸುಮ್ಮನೆ ತಂಬೂರಿ ಮೀಟುತ್ತ ಕೂತರು. ಆ ಸಾಲನ್ನು ಎತ್ತಿಕೊಟ್ಟವನು ಗೋಡೆಗೆ ಒರಗಿ ಕೂತಿದ್ದ ಮೊಮ್ಮಗ. ಎಲ್ಲಿ ಕಲಿತೆಯೋ ಎಂದು ಕೇಳಿದ್ದಕ್ಕೆ, "ಕಲ್ತಿಲ್ಲ ಅಣ್ಣ, ಚಿಕ್ಕೋನಿದ್ದಾಗ ತಾತನ ಜತೆ ಹೋಗಿ ಅಲ್ಲೇ ಮಲಗ್ತಿದ್ದೆ" ಅಂದ.

ಕಥೆಗಾರರ ಬಗೆಗಿನ ದೊಡ್ಡ ಬರಹ ಇನ್ನೂ ಸಿದ್ಧವಾಗುತ್ತಿದೆ. ಅದನ್ನು ಮೊದಲು ಅವರ ಮನೆಯಲ್ಲಿ ಓದಿ ಹೇಳುತ್ತೇವೆ ಎಂದು ಮಾತು ಕೊಟ್ಟಿರುವುದರಿಂದ ಹೆಸರು, ಊರನ್ನು ಇಲ್ಲಿ ಹಾಕಿಲ್ಲ. ಅವರು ಒಪ್ಪಿದ ಮೇಲೆ ಅದು ಇಲ್ಲೇ ಬರುತ್ತದೆ. ತಲೆಬರಹದಲ್ಲಿ ಅವರ ಹೆಸರು ಇರುತ್ತದೆ.